ಜೋಡಿ ಲಾಠಿ, ಭಾಗ ಮೂರು

ಬೆಳಿಗ್ಗೆ ಒಂಬತ್ತೂವರೆಗೆ ಚನ್ನಗಿರಿಯ ಆ ಓಣಿಗೆ ಇಬ್ಬರು ಪೊಲೀಸರು ಬಂದು, ಮಿಕ್ಸಿ ರಿಪೇರಿ ಮಾಡುವ ಜುಂಜಪ್ಪನ ಮನೆ ಯಾವುದೆಂದು ಕೇಳಿದರು. ಕೇಳಿದ್ದು ಪಕ್ಕದ ಮನೆಯ ಅನ್ನಪೂರ್ಣಮ್ಮನನ್ನು. ಎಡವಟ್ಟಾದದ್ದೇ ಅಲ್ಲಿ. ಬೇರೆ ಯಾರಾದರೂ ಬೆರಳು ತೋರಿಸಿ ಸುಮ್ಮನಾಗುತ್ತಿದ್ದರು. ಅನ್ನಪೂರ್ಣಮ್ಮ ಅವರನ್ನು ಜಗಲಿಯ ಮೇಲೆ ಕೂರಿಸಿ, ಹಿತ್ತಲ ಗೋಡೆಯ ಮೇಲಿಂದ ತಲೆ ಹೊರಚಾಚಿದರು.

"ಜುಂಜಪ್ಪಾರೆ, ಪೊಲೀಸ್ನೋರು ನಿಮ್ಮನ್ನ ಹುಡುಕ್ಯಂಡು ಬಂದಾರೆ. ಏನು ಮಾಡೀರಿ?"

"ನಾನೇನ್ ಮಾಡೀನ್ರೀ?"

"ಏನೂ ಮಾಡದೋರ ಮನೀಗೆ ಇಬ್ಬಿಬ್ರು ಬರ್ತಾರಾ?"

ಈ ಪ್ರಶ್ನೆ ಜುಂಜಪ್ಪನ ತಲೆಯೊಳಗೆ ಮುಚ್ಚಳವಿಲ್ಲದ ಮಿಕ್ಸಿಯಂತೆ ತಿರುಗತೊಡಗಿತು. ಐವತ್ತೆರಡು ವರ್ಷಗಳ ತಪ್ಪುಗಳನ್ನೆಲ್ಲ ಒಂದೊಂದಾಗಿ ನೆನೆದ. ಹೆಲ್ಮೆಟ್ ಇಲ್ಲದೆ ಸ್ಕೂಟರ್ ಓಡಿಸಿದ್ದು. ಒಬ್ಬರ ಜಾರಿನ ಬ್ಲೇಡು ಇನ್ನೊಬ್ಬರ ಜಾರಿಗೆ ಹಾಕಿದ್ದು. ಹೋದ ಚುನಾವಣೆಯಲ್ಲಿ ಎರಡೂ ಪಾರ್ಟಿಯವರ ಊಟ ಉಂಡಿದ್ದು. ಯಾವುದಕ್ಕೂ ಇಬ್ಬರು ಪೊಲೀಸರು ಬರುವಷ್ಟು ತೂಕವಿರಲಿಲ್ಲ. ಹಾಗಾದರೆ ತನಗೇ ಗೊತ್ತಿಲ್ಲದ ದೊಡ್ಡದೇನೋ ಇರಬೇಕು ಎನಿಸಿ ಟವೆಲು ಹೆಗಲಿಗೆ ಹಾಕಿಕೊಂಡ.

"ಯಾರು ಕೇಳಿದ್ರೂ ನಾನಿಲ್ಲ ಅನ್ನು" ಎಂದ ಹೆಂಡತಿ ಹೊನ್ನೂರಮ್ಮನಿಗೆ.

"ಎಲ್ಲಿಗೆ ಹೊಂಟೀರಿ?"

"ಹೇಳಿದ್ರೆ ನೀನು ಹೇಳಿಬಿಡ್ತೀಯ."

ಹಿತ್ತಲ ಬಾಗಿಲಿನಿಂದ ಹೊರಬಿದ್ದವನು ಹೊನ್ನಾಳಿಯ ಬಸ್ಸು ಹತ್ತಿದ. ಮೂರು ಸೀಟು ಹಿಂದೆ ಕೂತವನೊಬ್ಬ ಪೇಪರಿನ ಮರೆಯಿಂದ ತನ್ನನ್ನೇ ನೋಡುತ್ತಿದ್ದಾನೆ ಅನಿಸಿತು. ಜುಂಜಪ್ಪ ಟವೆಲನ್ನು ಮುಖಕ್ಕೆ ಸುತ್ತಿಕೊಂಡ. "ಹಲ್ಲು ನೋವೇನ್ರೀ? ಲವಂಗ ಇಟ್ಕಳ್ರಿ" ಎಂದ ಕಂಡಕ್ಟರ್. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಹೊನ್ನಾಳಿಯಲ್ಲಿ ಅವನ ದೊಡ್ಡಕ್ಕ ಬಾಗಿಲಿಗೆ ಅಡ್ಡ ನಿಂತಳು. ಹೇಳದೆ ಕೇಳದೆ, ಕೈಯಲ್ಲೊಂದು ಬಾಳೆಹಣ್ಣೂ ಇಲ್ಲದೆ ತಮ್ಮ ಬಂದದ್ದು ಅವಳಿಗೆ ಸರಿಕಾಣಲಿಲ್ಲ.

"ಹೊಲದ ಪೇಪರಿಗೆ ಸಹಿ ಹಾಕಿಸ್ಕಳಾಕೆ ಬಂದಿದ್ರೆ ಈಗ್ಲೇ ಹೇಳು. ನಾನು ಹಾಕಲ್ಲ."

"ಇಲ್ಲಕ್ಕ, ನಿನ್ನ ನೋಡಾಕೆ ಬಂದೆ."

"ಹನ್ನೊಂದು ವರ್ಷದಿಂದ ನೋಡದೋನು ಇವತ್ತು ನೋಡಾಕೆ ಬಂದ್ಯಾ?"

ಊಟವೇನೋ ಬಡಿಸಿದಳು. ಆದರೆ ಅವನು ಕೈ ತೊಳೆಯುವವರೆಗೂ ಪಕ್ಕದಲ್ಲೇ ಕೂತು, ಅವನ ಜೇಬಿನಿಂದ ಕಣ್ಣು ಕೀಳಲಿಲ್ಲ.

ಎರಡು ಗಂಟೆಗೆ ಗೆಳೆಯ ರಂಗನಾಥನ ಫೋನು ಬಂತು. ಚನ್ನಗಿರಿ ಬಸ್ ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದ ಅವನಿಗೆ ತಿಳಿಯದ ಸುದ್ದಿ ಊರಿನಲ್ಲಿರಲಿಲ್ಲ.

"ಎಲ್ಲಿ ಸತ್ತಿದ್ಯೋ? ಅವ್ರು ಪೊಲೀಸ್ರಲ್ಲ ಮಾರಾಯ, ಸಿನಿಮಾದೋರು. ಶೂಟಿಂಗಿನ ಡ್ರೆಸ್ಸಿನಾಗೇ ಬಂದಿದ್ರಂತೆ. ಜೋಡಿ ಲಾಠಿ ಮೂರನೇ ಭಾಗ ತೆಗೀತಾರೆ."

ಇಪ್ಪತ್ಮೂರು ವರ್ಷದ ಹಿಂದೆ 'ಜೋಡಿ ಲಾಠಿ' ಮೊದಲ ಭಾಗವನ್ನು ಚನ್ನಗಿರಿಯಲ್ಲೇ ತೆಗೆದಿದ್ದರು. ಸದಾ ಕಚ್ಚಾಡುವ ದಪ್ಪ ಇನ್ಸ್‌ಪೆಕ್ಟರ್, ಸಣಕಲು ಪೇದೆ ಸೇರಿ ಕಳ್ಳರನ್ನು ಹಿಡಿಯುವ ಕತೆ. ಅದರಲ್ಲಿ ಜುಂಜಪ್ಪ ಜೇಬುಗಳ್ಳನಾಗಿ ಹನ್ನೊಂದು ಸೆಕೆಂಡು ಓಡಿದ್ದ. ಎರಡನೇ ಭಾಗವೂ ಓಡಿತು. ಆಮೇಲೆ ಎಲ್ಲರೂ ಮರೆತಿದ್ದರು. ಈಗ ಹೀರೋಗಳಿಬ್ಬರಿಗೂ ಮೊಣಕಾಲು ನೋವು ಶುರುವಾದ ಮೇಲೆ ಮೂರನೆಯದು ಹುಟ್ಟಿತ್ತು.

"ಅದೇ ಕಳ್ಳ ಬೇಕಂತೆ" ಎಂದ ರಂಗನಾಥ. "ಈ ಸಲ ಡೈಲಾಗೂ ಐತಂತೆ. ಲಗೂ ಬಾ."

ವಾಪಸು ಬರುವ ಬಸ್ಸಿನಲ್ಲಿ ಜುಂಜಪ್ಪ ಟವೆಲು ಬಿಚ್ಚಿ, ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಳ್ಳುತ್ತ, ಕಳ್ಳನ ನಗೆ ಅಭ್ಯಾಸ ಮಾಡಿದ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಸಂಜೆ ಮನೆಯ ಮುಂದೆ ಜೀಪು ನಿಂತಿತ್ತು. ಒಬ್ಬ ಇನ್ಸ್‌ಪೆಕ್ಟರ್, ಒಬ್ಬ ಪೇದೆ, ಇಬ್ಬರು ಪೊಲೀಸರಿದ್ದರು. ಬೆಳಗಿನವರನ್ನು ಅವನು ಕಂಡೇ ಇರಲಿಲ್ಲವಾದ್ದರಿಂದ ಇವರೇ ಅವರೆಂದುಕೊಂಡ. ಓಣಿಯ ಜನವೆಲ್ಲ ನೆರೆದಿತ್ತು. ಜುಂಜಪ್ಪ ಕ್ರಾಪು ತೀಡಿಕೊಂಡು ಎದೆಯುಬ್ಬಿಸಿ ನಡೆದುಬಂದ.

"ನೀನೇನಾ ಜುಂಜಪ್ಪ? ಬೆಳಗ್ಗೆ ಓಡಿಹೋಗಿದ್ದು?"

"ನಾನೇ ಸಾರ್. ಓಡೋದ್ರಾಗೆ ನನ್ನ ಬಿಟ್ರೆ ಯಾರೂ ಇಲ್ಲ."

"ಈಯಮ್ಮ ಮಧ್ಯಾಹ್ನ ಕಂಪ್ಲೇಂಟ್ ಕೊಟ್ಟಾರೆ. ಇವ್ರ ಕಳುವಾದ ನೀರಿನ ಮೋಟಾರ್ ಎಲ್ಲಿಟ್ಟೀಯ?" ಇನ್ಸ್‌ಪೆಕ್ಟರ್ ಅನ್ನಪೂರ್ಣಮ್ಮನತ್ತ ಕೈ ತೋರಿಸಿದರು.

ಹೇಳದೆಯೇ ಡೈಲಾಗು ಶುರು ಮಾಡುವುದು ಈಗಿನ ಪದ್ಧತಿ ಇರಬೇಕೆಂದುಕೊಂಡ ಜುಂಜಪ್ಪ. ಅನ್ನಪೂರ್ಣಮ್ಮನಿಗೂ ಪಾರ್ಟು ಕೊಟ್ಟಿದ್ದು ಕಂಡು ಸ್ವಲ್ಪ ಹೊಟ್ಟೆಕಿಚ್ಚಾಯಿತು. ತನ್ನ ಪಾರ್ಟು ತಾನೇ ಹಿಗ್ಗಿಸಿಕೊಳ್ಳಬೇಕೆಂದು ಸೊಂಟದ ಮೇಲೆ ಕೈಯಿಟ್ಟು ನಕ್ಕ.

"ಒಂದು ಮೋಟಾರಿಗೆ ಜೀಪು ತಂದೀರಾ? ಈ ಓಣ್ಯಾಗೆ ಕಳುವಾಗಿರೋದೆಲ್ಲ ನಾನೇ ಎತ್ತಿದ್ದು. ಹೊನ್ನಾಳ್ಯಾಗೆ ನಮ್ಮಕ್ಕ ಅದಾಳೆ. ಮಾಲೆಲ್ಲ ಅವಳ ಅಟ್ಟದ ಮ್ಯಾಲೈತೆ."

"ನಂಗೆ ಆವಾಗ್ಲೇ ಅನುಮಾನ ಇತ್ತು" ಎಂದರು ಅನ್ನಪೂರ್ಣಮ್ಮ. ಹೊನ್ನೂರಮ್ಮ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು. ಇಷ್ಟು ಸಹಜವಾಗಿ ನಟಿಸುವವಳನ್ನು ಕಟ್ಟಿಕೊಂಡು ಇಷ್ಟು ವರ್ಷ ಗೊತ್ತೇ ಆಗಲಿಲ್ಲವಲ್ಲ ಎಂದು ಜುಂಜಪ್ಪನಿಗೆ ಹೆಮ್ಮೆಯಾಯಿತು. ಪೇದೆ ಅಕ್ಕನ ವಿಳಾಸ ಕೇಳಿದ. ಇವನು ಮನೆ ನಂಬರು ಸಮೇತ ಬರೆಸಿದ.

ಜುಂಜಪ್ಪನನ್ನು ಹತ್ತಿಸಿಕೊಂಡ ಜೀಪು ಓಣಿ ದಾಟಿದ ಮೇಲೆ ಅವನು ಮೆಲ್ಲಗೆ ಕೇಳಿದ: "ಸಾರ್, ಎಲ್ಲಾ ಚೆನ್ನಾಗೇ ಬಂತು. ಆದ್ರೆ ಕ್ಯಾಮೆರಾ ಎಲ್ಲೂ ಕಾಣ್ಲೇ ಇಲ್ಲ."

"ಸ್ಟೇಷನ್ನಾಗೆ ನಾಲ್ಕು ಅದಾವೆ" ಎಂದರು ಇನ್ಸ್‌ಪೆಕ್ಟರ್. "ಅಲ್ಲಿ ಇನ್ನೊಂದ್ಸಲ ಹೇಳುವೆಯಂತೆ."