ಕ್ಯಾಮೆರಾದೊಳಗೆ ಉಳಿದ ಅಕ್ಕಯ್ಯಮ್ಮ

ಸೆಕೆಂಡ್ ಹ್ಯಾಂಡ್ ಸಾಮಾನು ಕೊಳ್ಳುವವರಿಗೆ ನಾನು ಪುಕ್ಕಟೆ ಕೊಡುವ ಸಲಹೆ ಒಂದಿದೆ. ಸಾಮಾನು ನೋಡಬೇಡಿ, ಮಾರುವವನ ಮುಖ ನೋಡಿ. ಅವನ ಕಣ್ಣು ಯಾವ ಭಾಗವನ್ನು ತಪ್ಪಿಸಿಕೊಂಡು ಓಡಾಡುತ್ತದೋ ರೋಗ ಅಲ್ಲೇ ಇರುತ್ತದೆ. ಈ ವಿದ್ಯೆಯೊಂದರಿಂದಲೇ ನಾನು ಪೀಣ್ಯದಲ್ಲಿ ಬಾಡಿಗೆ ಶೆಡ್ ಹಿಡಿದು, ಒಂದು ಹಳೇ ಲೇತು, ತಗಡು ಒತ್ತುವ ಎರಡು ಪ್ರೆಸ್ಸು ಹಾಕಿಕೊಂಡು ನಾಲ್ಕು ಜನರ ಎದುರು ತಲೆ ಎತ್ತಿದವನು. ಆದರೆ ಆ ಕ್ಯಾಮೆರಾ ತೆಗೆದುಕೊಂಡ ದಿನ ಮಾರುವವನ ಮುಖ ನೋಡುವುದಕ್ಕೇ ಆಗಲಿಲ್ಲ. ಅವನು ಅದನ್ನು ಕ್ಯಾಮೆರಾದ ಹಿಂದೆ ಇಟ್ಟುಕೊಂಡಿದ್ದ.

ಕುವೈತಿನಿಂದ ಬಂದ ಮನುಷ್ಯ. ಅವನ ಹೊಸ ಮನೆಗೆ ಗೇಟು ಮಾಡಿಕೊಟ್ಟಿದ್ದೆ. ಕೆಲಸ ಮುಗಿದ ದಿನ ಅದೇನೋ ದಪ್ಪ ಪೆಟ್ಟಿಗೆಯನ್ನು ಕಣ್ಣಿಗಿಟ್ಟು ನನ್ನ ಕಡೆ ತಿರುಗಿಸಿ ಗುಂಡಿ ಒತ್ತಿದ. ಟಕ್ ಎಂದಿತು, ಗುರ್ರ್ ಎಂದಿತು, ಅದರ ಬಾಯಿಂದ ಒಂದು ಬಿಳಿ ಕಾರ್ಡು ಹೊರಬಂತು. ಎರಡೇ ನಿಮಿಷದಲ್ಲಿ, ಬಾವಿಯ ತಳದಿಂದ ಎದ್ದು ಬಂದ ಹಾಗೆ, ಅದರಲ್ಲಿ ನನ್ನ ಮುಖ ತೇಲಿತು. ಆಗಲೇ ಸ್ವಲ್ಪ ಮೈ ಜುಮ್ಮೆಂದಿತ್ತು. ನಾನು ಅದನ್ನು ಸಂತೋಷ ಎಂದುಕೊಂಡೆ. ಗೇಟಿನ ದುಡ್ಡಿಗೆ ಬದಲು ಆ ಕ್ಯಾಮೆರಾ ಇಸಿದುಕೊಂಡು ಬಂದೆ. ಒಳಗೆ ಹತ್ತು ಕಾರ್ಡು ಇತ್ತು. ಎಂಟು ಮೊದಲ ವಾರವೇ ಮುಗಿಸಿದೆ. "ಲೇತಿಗೆ ಮೂರು, ನನಗೊಂದಾ?" ಎಂದು ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಉಳಿದದ್ದು ಎರಡು. ಅಂಥ ಕಾರ್ಡು ಆಗ ಬೆಂಗಳೂರಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಶೆಡ್ಡಿನ ಅಗ್ರಿಮೆಂಟ್ ಮುಗಿಯುತ್ತಾ ಬಂದಿತ್ತು. ಮಾಲೀಕ ಮುನಿಶಾಮಪ್ಪ ಅದೇ ಊರಿನವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಶೆಡ್ ಕಟ್ಟಿಸಿದವರು. ಅದರ ಮೇಲೆ ಪಕ್ಕದ, ಕಬ್ಬಿಣಕ್ಕೆ ಮೆರುಗು ಹಾಕುವ ಪ್ಲೇಟಿಂಗ್‌ನವನ ಕಣ್ಣು ಬಿದ್ದಿತ್ತು. ಇಂಥ ಹೊತ್ತಿನಲ್ಲಿ ಮಾಲೀಕರಿಗೆ ಏನು ಬೇಕು ಎಂದು ಮೊದಲು ತಿಳಿದುಕೊಳ್ಳಬೇಕು, ನೆನಪಿಡಿ. ಮುನಿಶಾಮಪ್ಪನವರಿಗೆ ಬೇಕಿದ್ದದ್ದು ತಾಯಿ ಅಕ್ಕಯ್ಯಮ್ಮನ ಒಂದು ಫೋಟೋ. ಎಂಬತ್ತರ ಹತ್ತಿರದ ಆ ಅಜ್ಜಿ ಯಾವತ್ತೂ ಫೋಟೋಕ್ಕೆ ಕೂತವರಲ್ಲ. ಅವರ ಯಜಮಾನರ ಫೋಟೋ ಒಂದೇ ಒಂದು ಇದೆ. ಉಸಿರು ಹೋದ ಮೇಲೆ ಕುರ್ಚಿಯಲ್ಲಿ ಒರಗಿಸಿ ಕೂರಿಸಿ, ಸ್ಟುಡಿಯೋದವನನ್ನು ಕರೆಸಿ ತೆಗೆಸಿದ್ದು. ಅದರಲ್ಲಿ ಅವರು ಕಣ್ಣು ಬಿಟ್ಟುಕೊಂಡಿದ್ದಾರೆ. ಬಿಡಿಸಿದವರು ಯಾರು ಎಂದು ನಾನು ಕೇಳಲಿಲ್ಲ.

"ಆ ಸ್ಟುಡಿಯೋದವ್ರು ಮಕಾನ ಕರೀ ರೀಲ್‌ನಾಗೆ ಮಡೀಕಂಡು ಓಯ್ತಾರೆ. ಕಂಡೋರ ಅಂಗ್ಡೀಲಿ ನನ್ ಮಕ ನೇತಾಡ್ಬೇಕಾ?" ಎಂದಿತು ಅಜ್ಜಿ.

"ಇದರಲ್ಲಿ ರೀಲೇ ಇಲ್ಲ ಅಜ್ಜಿ. ನಿಮ್ಮ ಮುಖ ಹೀಗೆ ಹೋಗಿ ಹಾಗೆ ನಿಮ್ಮ ಕೈಗೇ ಬರುತ್ತೆ. ಒಂದು ಚೂರೂ ಒಳಗೆ ಉಳಿಯಲ್ಲ," ಎಂದೆ. ವ್ಯಾಪಾರದ ಮಾತಿನಲ್ಲಿ ನನ್ನನ್ನು ಮೀರಿಸುವವರು ಆ ಬೀದಿಯಲ್ಲಿರಲಿಲ್ಲ.

ಗುರುವಾರ ಬೆಳಿಗ್ಗೆ ಅಜ್ಜಿ ತಲೆ ಬಾಚಿ, ಹೊಸ ಸೀರೆಯುಟ್ಟು ಜಗುಲಿಯ ಮೇಲೆ ಕೂತಿತು. ಒತ್ತಿದೆ. ಟಕ್ ಎಂದಿತು. ಆಮೇಲೆ ಗುರ್ರ್ ಅನ್ನಬೇಕಾದ ಪೆಟ್ಟಿಗೆ ಕುಂಯ್ ಎಂದು ನಿಂತೇಹೋಯಿತು. ಅಜ್ಜಿ ಕೈ ಚಾಚಿಕೊಂಡೇ ಇತ್ತು.

"ಕೊಡಪ್ಪ."

"ಬ್ಯಾಟರಿ ಹೋಯ್ತು ಅಜ್ಜಿ."

"ಬ್ಯಾಟ್ರಿ ಓದ್ರೆ ಓಗ್ಲಿ. ನನ್ ಮಕ ಎಲ್ಲಿ?"

ಆಗ ಸುಮ್ಮನಿರಬೇಕಿತ್ತು. "ಒಳಗೇ ಇದೆ, ಎಲ್ಲೂ ಹೋಗಿಲ್ಲ," ಎಂದು ಸಮಾಧಾನ ಹೇಳಿಬಿಟ್ಟೆ. ಅಜ್ಜಿ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದು ಕೆನ್ನೆ ಮುಟ್ಟಿ ನೋಡಿಕೊಂಡಿತು.

ಶನಿವಾರ ಮುನಿಶಾಮಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. "ಅವ್ವ ಅಂಬ್ಲಿನೂ ಮುಟ್ಟಿಲ್ಲ ಸಾರ್. ಗೋಡೆ ಕಡೆ ತಿರುಗಿ ಮಲಗವ್ಳೆ. ಕನ್ನಡೀಲಿ ಕಾಣ್ತಿಲ್ಲ ಅಂತಾಳೆ. ಡಾಕ್ಟ್ರು ಕಾಯಿಲೆ ಇಲ್ಲ ಅಂದ್ರು. ಅವ್ಳ ಮಕ ವಾಪಸ್ ಕೊಟ್ಬುಡಿ. ಅವ್ಳಿಗೇನಾದ್ರೂ ಆದ್ರೆ ಶೆಡ್ಡೂ ಬೇಡ, ನೀವೂ ಬೇಡ."

ನಗೋಣ ಎಂದುಕೊಂಡೆ. ಮೇಜಿನ ಮೇಲಿದ್ದ ಕ್ಯಾಮೆರಾ ನನ್ನ ಕಡೆಗೇ ತಿರುಗಿ ಕೂತಿತ್ತು. ನಾನು ಹಾಗೆ ಇಟ್ಟ ನೆನಪಿರಲಿಲ್ಲ.

ಅವತ್ತೇ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಓಡಿದೆ. ಒಳಗಿದ್ದ ಚಪ್ಪಟೆ ಬ್ಯಾಟರಿ ನೋಡಿ ಅಂಗಡಿಯ ಭಾಯ್, "ಕುವೈತ್‌ಗೇ ಹೋಗಿ ತನ್ನಿ ಸಾರ್, ಬಸ್ ಸಿಕ್ಕರೆ," ಎಂದ. ಬ್ಯಾಟರಿಯನ್ನು ಬಿಸಿಲಿಗಿಟ್ಟೆ, ತಗಡು ಉಜ್ಜಿದೆ, ಕೊನೆಗೆ ಹಲ್ಲಿನಲ್ಲಿ ಕಚ್ಚಿಯೂ ನೋಡಿದೆ. ಟಾರ್ಚಿನ ಸೆಲ್ಲಿಗೆ ನಾವೆಲ್ಲ ಮಾಡುವ ಚಿಕಿತ್ಸೆ. ಆಗ ಹೊಳೆಯಿತು. ಬ್ಯಾಟರಿಯ ಬೆನ್ನ ಮೇಲೆ ಆರು ವೋಲ್ಟ್ ಎಂದಿದೆ. ಟಾರ್ಚಿನ ಸೆಲ್ಲು ಒಂದೊಂದೂ ಒಂದೂವರೆ. ನಾಲ್ಕನ್ನು ಸಾಲಾಗಿ ರಟ್ಟಿನಲ್ಲಿ ಸುತ್ತಿ, ಎರಡು ವೈರು ಎಳೆದು ಬ್ಯಾಟರಿಯ ಜಾಗಕ್ಕೆ ಮುಟ್ಟಿಸಿದರಾಯಿತು. ಕ್ಯಾಮೆರಾ ಏನು, ನನ್ನ ಪ್ರೆಸ್ಸುಗಳೂ ಹೀಗೇ ತೇಪೆ ಹಾಕಿಸಿಕೊಂಡೇ ಓಡುತ್ತಿದ್ದವು.

ಭಾನುವಾರ ಮಧ್ಯಾಹ್ನ ಶೆಡ್ಡಿಗೆ ಒಬ್ಬನೇ ಹೋದೆ. ವಾರವೆಲ್ಲ ಹೊಡೆದುಕೊಳ್ಳುವ ಪ್ರೆಸ್ಸುಗಳು ನಿಂತ ದಿನ ಪೀಣ್ಯ ಎಷ್ಟು ಸದ್ದಿಲ್ಲದೆ ಇರುತ್ತದೆಂದರೆ, ತಗಡಿನ ಚಾವಣಿ ಬಿಸಿಲಿಗೆ ಮೈಮುರಿಯುವುದೂ ಕೇಳುತ್ತದೆ. ಕ್ಯಾಮೆರಾವನ್ನು ಬೆಂಚಿನ ಮೇಲಿಟ್ಟು ಅದರ ಎದುರು ನಿಂತೆ. ಬೆನ್ನಿನಿಂದ ವೈರು ಇಳಿಬಿಟ್ಟುಕೊಂಡು ಅದು ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿಕೊಂಡ ರೋಗಿಯ ಹಾಗಿತ್ತು. ಎರಡನೇ ವೈರು ಮುಟ್ಟಿಸಿದೆ, ಅಷ್ಟೇ. ಗುಂಡಿ ಒತ್ತಲಿಲ್ಲ, ಬೇಕಾದರೆ ಆಣೆ ಇಡುತ್ತೇನೆ. ಟಕ್. ಗುರ್ರ್. ಕಾರ್ಡು ನಾಲಿಗೆಯ ಹಾಗೆ ಹೊರಬಂತು.

ಇನ್ನೊಂದು ಸಲಹೆ: ಬಿಳಿ ಕಾರ್ಡು ಬಣ್ಣ ಕಟ್ಟುವುದನ್ನು ಒಬ್ಬರೇ ನಿಂತು ನೋಡಬೇಡಿ. ಮೊದಲು ಕಿಟಕಿ ಬಂತು. ಲೇತಿನ ಚಕ್ರ ಬಂತು. ನನ್ನ ಪ್ಯಾಂಟು, ನನ್ನ ಚೌಕಳಿ ಶರ್ಟು ಬಂತು. ಆಮೇಲೆ ಶರ್ಟಿನ ಒಳಗಿನಿಂದ ಎರಡು ಕಣ್ಣು ಬಂದವು. ಮೂಗುಬೊಟ್ಟು ಬಂತು. ನನ್ನ ಎದೆಯೊಳಗೆ, ಕಿಟಕಿಯಲ್ಲಿ ಕೂತವರ ಹಾಗೆ, ಅಕ್ಕಯ್ಯಮ್ಮ ಕೂತು ಹೊರಗೆ ನೋಡುತ್ತಿತ್ತು. ಮೇಲೆ ನನ್ನ ತಲೆಯೂ ಇತ್ತು, ತೆಳ್ಳಗೆ. ಅದರ ಮೂಲಕ ಗೋಡೆಯ ಕ್ಯಾಲೆಂಡರಿನ ತಾರೀಕು ಓದಬಹುದಾಗಿತ್ತು.

ಕಾರಣ ನನಗೆ ಸ್ಕೂಟರ್ ಹತ್ತುವಷ್ಟರಲ್ಲೇ ತಿಳಿಯಿತು. ಸಾಯುತ್ತಿದ್ದ ಬ್ಯಾಟರಿಗೆ ಅಜ್ಜಿಯನ್ನು ಹಿಡಿಯುವಷ್ಟು ಶಕ್ತಿಯಿತ್ತು, ಹೊರಗೆ ತಳ್ಳುವಷ್ಟು ಇರಲಿಲ್ಲ. ಹೊಸ ಸೆಲ್ಲು ಅದೇ ಕಾರ್ಡಿನ ಮೇಲೆ ನನ್ನನ್ನೂ ಹಿಡಿದು ಇಬ್ಬರನ್ನೂ ಒಟ್ಟಿಗೆ ತಳ್ಳಿತು. ಇಷ್ಟೇ. ಆದರೆ ಕಾರಣ ತಿಳಿದ ಮೇಲೂ ಕಾರ್ಡನ್ನು ಕವುಚಿ ಜೇಬಿಗಿಟ್ಟುಕೊಂಡೇ ಮುನಿಶಾಮಪ್ಪನವರ ಮನೆಗೆ ಸ್ಕೂಟರ್ ಓಡಿಸಿದೆ.

ಅಜ್ಜಿ ಎದ್ದು ಕೂತು ಕಾರ್ಡನ್ನು ತುಂಬ ಹೊತ್ತು ನೋಡಿತು. "ನಾನೇಯ," ಎಂದಿತು. ಕೆನ್ನೆ ಸವರಿಕೊಂಡಿತು. "ಮುನಿಶಾಮಿ, ಅಂಬ್ಲಿ ತತ್ತಾ ಅನ್ನು." ಎರಡು ಲೋಟ ಕುಡಿಯಿತು. ಮುನಿಶಾಮಪ್ಪ ಕಣ್ಣೊರೆಸಿಕೊಂಡು ಅಲ್ಲೇ ಅಗ್ರಿಮೆಂಟಿಗೆ ಸಹಿ ಹಾಕಿದರು. ನಾನು ಕಾಗದ ಜೇಬಿಗಿಟ್ಟು, ಏನೂ ಆಗಿಲ್ಲದವನ ಹಾಗೆ ಕೈ ಚಾಚಿದೆ.

"ಕೊಡಿ ಅಜ್ಜಿ, ನಿಮ್ಮ ಭಾಗ ಮಾತ್ರ ಚೆನ್ನಾಗಿ ಕತ್ತರಿಸಿ ಕೊಡ್ತೀನಿ."

"ಕತ್ತರ್ಸಿದ್ರೆ ನನ್ ಕೆನ್ನೆ ಓಯ್ತದೆ. ನೀನೂ ಇರು ಬುಡು, ಅದೇನ್ ಮಾ ದೊಡ್ಡ ಜಾಗ ತಿಂತೀಯ?"

"ಇನ್ನೊಂದು ಕಾರ್ಡಿದೆ. ನಿಮ್ಮದೊಬ್ಬರದೇ ತೆಗೀತೀನಿ."

"ಆ ಪೆಟ್ಗೆ ಮುಂದೆ ಇನ್ನೊಂದ್ ದಪ ಕುಂತ್ಕಳಾಕೆ ನಂಗೇನ್ ಉಚ್ಚಾ?"

ಫೋಟೋಗೆ ಕಟ್ಟು ಹಾಕಿಸಿಕೊಡುತ್ತೇನೆ ಎಂದೆ, ಮನೆಗೆ ಕಬ್ಬಿಣದ ಬಾಗಿಲು ಮಾಡಿಕೊಡುತ್ತೇನೆ ಎಂದೆ. ಚೌಕಾಸಿಯಲ್ಲಿ ನಾನು ಸೋತದ್ದು ಅವತ್ತೊಂದೇ ದಿನ. ಕಾರ್ಡು ಟ್ರಂಕಿಗೆ ಹೋಯಿತು, ಬೀಗದ ಕೈ ಅಜ್ಜಿಯ ಸೊಂಟಕ್ಕೆ ಹೋಯಿತು.

ಈಗ ತಿಂಗಳಿಗೊಂದು ಸಲ ಏನಾದರೂ ನೆಪ ಮಾಡಿಕೊಂಡು ಹೋಗುತ್ತೇನೆ. ಇಂಥ ಕಾರ್ಡುಗಳು ದಿನ ಕಳೆದ ಹಾಗೆ ಮಾಸುತ್ತವೆ, ಎಲ್ಲರಿಗೂ ಗೊತ್ತು. ಅಜ್ಜಿ ಮಾಸಿಲ್ಲ, ಮೂಗುಬೊಟ್ಟು ಈಗೀಗ ಮಿನುಗುತ್ತಿದೆ. ನನ್ನದು ಮೊದಲು ಭುಜ ಹೋಯಿತು, ಆಮೇಲೆ ಕಿವಿ. ಹೋದ ವಾರ ಅಜ್ಜಿ ಕಾರ್ಡನ್ನು ಬೆಳಕಿಗೆ ಹಿಡಿದು, "ನೀನಿದ್ದಲ್ಲಪ್ಪ, ಎಲ್ಲೋದೆ?" ಎಂದಿತು. ನಾನು ಬೂದು ಬಣ್ಣದ ಒಂದು ಕಲೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅಜ್ಜಿ ಅದನ್ನೂ ನನ್ನನ್ನೂ ಎರಡೆರಡು ಸಲ ನೋಡಿ, "ಸವದೋಯ್ತಾ ಇದೀಯ, ಉಣ್ಣು," ಎಂದು ಒಳಗೆ ಹೋಗಿ ಮುದ್ದೆ ಬಡಿಸಿಕೊಂಡು ಬಂದಿತು. ಯಾರ ಮನೆಯಲ್ಲೂ ಮೂರು ಸಲ ಬೇಡ ಎನ್ನದೆ ಊಟಕ್ಕೆ ಕೂತವನಲ್ಲ ನಾನು. ಅವತ್ತು ಎರಡು ಮುದ್ದೆ ನುಂಗಿ, ತಟ್ಟೆ ಮುಂದೆ ತಳ್ಳಿ, "ಇನ್ನೊಂದು ಹಾಕಿ," ಎಂದೆ.