ಆರನೇ ಕುಲುಕಿಗೆ ಎಡಕ್ಕೆ

ಕಾರಿನ ವಿಷಯ ನನಗೇನೂ ತಿಳಿಯದು. ಆದರೆ ಎಣಿಸಲು ಬರುತ್ತದೆ. ಎಣಿಸಲು ಬರುವವರಿಗೆ ವಿಷಯ ತಿಳಿಯದಿದ್ದರೂ ನಡೆಯುತ್ತದೆ ಎಂಬುದು ನನ್ನ ಅನುಭವ. ‘ಈಚೆಗೆ ಹಾಲು ಒಡೆಯುತ್ತಿದೆ’ ಎಂದರೆ ನಮ್ಮ ಮನೆಯಲ್ಲಿ ಯಾರೂ ತಲೆ ಎತ್ತುವುದಿಲ್ಲ. ‘ಮಂಗಳವಾರ ಒಂದು ಸಲ, ಶುಕ್ರವಾರ ಒಂದು ಸಲ’ ಎಂದು ದಿನಚರಿ ನೋಡಿ ಓದಿದರೆ ಅಪ್ಪ ಪೇಪರ್ ಮಡಿಸಿಟ್ಟು ಹಾಲಿನವರನ್ನು ವಿಚಾರಿಸಲು ಹೊರಡುತ್ತಾರೆ. ಏಳನೇ ಕ್ಲಾಸಿನಿಂದ ದಿನಚರಿ ಬರೆಯುತ್ತಿದ್ದೇನೆ. ಕರೆಂಟ್ ಹೋದ ಹೊತ್ತು, ಎದುರುಮನೆಯ ಬೆಕ್ಕು ನಮ್ಮ ಕಾಂಪೌಂಡ್ ಹಾರಿದ ಸಂಖ್ಯೆ, ಎಲ್ಲವೂ ಅದರಲ್ಲಿದೆ. ಬೆಕ್ಕಿಗೆ ಇದರಿಂದ ಯಾವ ತೊಂದರೆಯೂ ಆಗಿಲ್ಲ. ತೊಂದರೆ ಶುರುವಾದದ್ದು ನಾನು ಅಮ್ಮನ ‘ಅಯ್ಯೋ’ಗಳನ್ನು ಎಣಿಸಿದ ಮೇಲೆ.

ನಮ್ಮ ಕಾರು ತಾತನ ಕಾಲದ್ದು. ಹೆಸರು ಬೇಡ. ಮೈಸೂರಿನಲ್ಲಿ ಯಾರ ಮನೆಯ ಹಳೆಯ ಮದುವೆ ಆಲ್ಬಮ್ ತೆರೆದರೂ ಹೂವಿನ ಹಾರ ಹಾಕಿಕೊಂಡು ನಿಂತಿರುತ್ತದಲ್ಲ, ಆ ಗುಂಡುಮುಖದ್ದು. ಅಪ್ಪ ಬೆಳಿಗ್ಗೆ ಎದ್ದ ಕೂಡಲೇ ದೇವರ ಕೋಣೆಗೂ ಮೊದಲು ಪೋರ್ಟಿಕೋಗೆ ಹೋಗಿ ಅದರ ಮುಖ ನೋಡುತ್ತಾರೆ. ಅದು ಗೇಟು ದಾಟುವುದು ವಾರಕ್ಕೊಂದೇ ಸಲ. ಭಾನುವಾರ, ಚಾಮರಾಜಪುರಂನ ನಮ್ಮ ಮನೆಯಿಂದ ಲಕ್ಷ್ಮೀಪುರಂಗೆ, ಅಮ್ಮನ ಅಕ್ಕನ ಮನೆಗೆ. ನಡೆದರೆ ಇಪ್ಪತ್ತು ನಿಮಿಷದ ದಾರಿ. ಆದರೆ ಅಮ್ಮನಿಗೆ ಸೊಂಟನೋವು, ಅಪ್ಪನಿಗೆ ಕಾರು. ಹಾಗಾಗಿ ನಡೆಯುವ ಮಾತೇ ಇಲ್ಲ.

ಕಾರಿನ ಸ್ಪ್ರಿಂಗುಗಳು ಸ್ಪ್ರಿಂಗಿನ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ರಸ್ತೆಯಲ್ಲಿ ಇಪ್ಪತ್ತೈದು ಪೈಸೆಯ ನಾಣ್ಯ ಬಿದ್ದಿದ್ದರೂ ಅದರ ಮೇಲೆ ಹೋದದ್ದು ನಮಗೆ ತಿಳಿಯುತ್ತಿತ್ತು. ಒಂದು ಭಾನುವಾರ, ಬೇರೇನೂ ಕೆಲಸವಿಲ್ಲದೆ, ಹೋಗುವಾಗ ಅಮ್ಮ ಅಂದ ಅಯ್ಯೋಗಳನ್ನು ಎಣಿಸಿದೆ. ಹನ್ನೊಂದು; ಒಂದೊಂದು ಕುಲುಕಿಗೆ ಎರಡೆರಡು ಬಂದದ್ದೂ ಉಂಟು. ಅದನ್ನು ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಜೋರಾಗಿ ಓದಿದ್ದು ನನ್ನ ತಪ್ಪು.

‘ಹನ್ನೊಂದಾ!’ ಎಂದರು ಅಮ್ಮ. ಅಲ್ಲಿಯವರೆಗೆ ಅವರಿಗೆ ಸೊಂಟ ಬರೀ ನೋಯುತ್ತಿತ್ತು. ಈಗ ಲೆಕ್ಕದ ಸಮೇತ ನೋಯತೊಡಗಿತು. ‘ನೋಡಿದ್ರೇನ್ರೀ? ಆ ಹೋಟ್ಲಿನವರು ಅಲಂಕಾರಕ್ಕೆ ಈ ಕಾರು ಬೇಕೂಂತ ಕೇಳ್ತಾನೇ ಇದಾರೆ. ಕೊಟ್ಟುಬುಡಿ. ಮುಂದುಗಡೆ ನಿಲ್ಲಿಸಿ, ಬಾನೆಟ್ ತೆಗೆದು, ಒಳಗೆ ಸೇವಂತಿಗೆ ಬೆಳೀತಾರಂತೆ. ಎಷ್ಟು ಚೆನ್ನಾಗಿರುತ್ತೆ.’

ಅನ್ನ ಕಲಸುತ್ತಿದ್ದ ಅಪ್ಪನ ಕೈ ನಿಂತಿತು. ಮಜ್ಜಿಗೆಯನ್ನೂ ಹಾಕಿಸಿಕೊಳ್ಳದೆ ಎದ್ದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಗಲಾಟೆ ನಡೆದ ದಾಖಲೆ ನನ್ನ ದಿನಚರಿಯಲ್ಲಿಲ್ಲ.

ನನ್ನಿಂದಾದದ್ದನ್ನು ನಾನೇ ಸರಿಮಾಡಬೇಕಲ್ಲ. ಅಮ್ಮನ ಹತ್ತಿರ ಒಂದು ತಿಂಗಳ ಗಡುವು ಕೇಳಿದೆ. ಅವರು ಕೊಟ್ಟರು, ಷರತ್ತಿನ ಮೇಲೆ: ‘ತಿಂಗಳಾದ್ಮೇಲೆ ಅಕ್ಕನ ಮನೆ ತಲುಪೋದ್ರೊಳಗೆ ನನ್ನ ಬಾಯಲ್ಲಿ ಒಂದೇ ಒಂದು ಅಯ್ಯೋ ಬಂದ್ರೂ ಸೇವಂತಿಗೇನೇ ಕಣೆ.’

ಮಂಡಕಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಮಾದಪ್ಪಣ್ಣನ ಗ್ಯಾರೇಜಿದೆ. ಇತ್ತೀಚಿನ ಕಾರೊಂದಕ್ಕೆಂದು ಬೇರೆ ಕಂಪನಿಯವರು ತಯಾರಿಸಿದ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳ ಸೆಟ್ಟನ್ನು ನಮ್ಮ ಕಾರಿಗೆ ಕೂರಿಸಬಹುದೇ ಎಂದು ಕೇಳಿದೆ. ಅವರು ಇನ್ಯಾರದೋ ಕಾರಿನ ಕೆಳಗಿನಿಂದಲೇ ಉತ್ತರ ಕೊಟ್ಟರು.

‘ಕೂರುಸ್ಬೋದು ಕಣವ್ವ. ತಾತನ ಸೊಂಟಕ್ಕೆ ಮೊಮ್ಮಗನ ಮೂಳೆ ಕಟ್ದಂಗಾಯ್ತದೆ. ಕಟ್ಟಿದ್ಮೇಲೆ ತಾತ ಓಡೋಕ್ ಶುರು ಮಾಡುದ್ರೆ ನನ್ನ ಕೇಳ್ಬ್ಯಾಡಿ.’

ನಾನು ಅಳತೆಯ ಪಟ್ಟಿ ಕೊಟ್ಟೆ. ಮುಂದಿನ ಚಕ್ರದ ಮೇಲಿನ ಎತ್ತರ, ಹಿಂದಿನ ಚಕ್ರದ ಮೇಲಿನ ಎತ್ತರ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮೂರು ದಿನದ ಸರಾಸರಿ. ಮಾದಪ್ಪಣ್ಣ ಪಟ್ಟಿಯನ್ನು ಬಹಳ ಹೊತ್ತು ನೋಡಿ, ‘ಇಷ್ಟು ಚೆನ್ನಾಗಿ ಬರೆದಿದ್ದೀರಲ್ಲ, ಸರಿಯಾಗೇ ಇರ್ತದೆ’ ಎಂದು, ಮತ್ತೆ ಅಳೆಯದೆ ಆಸರೆಯ ತುಂಡುಗಳನ್ನು ವೆಲ್ಡ್ ಮಾಡಿ ಎಲ್ಲವನ್ನೂ ಜೋಡಿಸಿಬಿಟ್ಟರು. ಜಾಕಿ ಇಳಿಸಿದಾಗ ಕಾರು ಮೂಗು ಮೇಲೆತ್ತಿ, ಯಾರೊಂದಿಗೋ ಮುನಿಸಿಕೊಂಡವರ ಹಾಗೆ ನಿಂತಿತು. ಮಾದಪ್ಪಣ್ಣ ಸುತ್ತ ಒಂದು ಸುತ್ತು ಬಂದು ಕೇಳಿದರು:

‘ಅವ್ವ, ಎಲ್ಲಿ ನಿಲ್ಸಿ ಅಳೆದ್ರಿ?’

‘ಪೋರ್ಟಿಕೋದಲ್ಲಿ.’

‘ಅಲ್ಲಿ ನೀರು ಎತ್ಲಾಗಿ ಅರೀತದೆ?’

ನೀರು ಗೇಟಿನ ಕಡೆ ಹರಿಯುತ್ತದೆ. ತೊಳೆದ ನೀರು ನಿಲ್ಲಬಾರದೆಂದು ತಾತ ನೆಲಕ್ಕೆ ಒಳ್ಳೆಯ ವಾಟ ಕೊಡಿಸಿದ್ದರು. ಕಾರು ಯಾವಾಗಲೂ ಗೇಟಿಗೆ ಮುಖಮಾಡಿ ತಗ್ಗಿನ ಕಡೆ ಬಾಗಿಯೇ ನಿಲ್ಲುತ್ತಿತ್ತು. ನಾನಾದರೋ ಮಟ್ಟದ ದಾರವನ್ನು ನೇರವಾಗಿ ಹಿಡಿದು ಅಳೆದು, ಕಾರಿನ ಮುಂಭಾಗವೇ ಕುಸಿದಿದೆ ಎಂದು ಬರೆದಿದ್ದೆ. ಮೂರು ದಿನ, ಆರು ಸಲ, ನಾನು ಅಳೆದದ್ದು ನೆಲದ ಇಳಿಜಾರನ್ನು. ಆರು ಸಲವೂ ಒಂದೇ ಉತ್ತರ ಬಂದದ್ದರಿಂದ ನನಗೆ ಬಹಳ ಸಮಾಧಾನವಾಗಿತ್ತು.

ಎಲ್ಲ ಬಿಚ್ಚಿ ಮತ್ತೆ ಕೂರಿಸಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತೂ ದಿನ ಅಪ್ಪ ಬೆಳಿಗ್ಗೆ ಎದ್ದು ಖಾಲಿ ಪೋರ್ಟಿಕೋ ನೋಡಿ ಒಳಗೆ ಬಂದರು.

ಗಡುವಿನ ಭಾನುವಾರ ಹೊರಟೆವು. ನಾನು ಹಿಂದಿನ ಸೀಟಿನಲ್ಲಿ ಪುಸ್ತಕ, ಪೆನ್ನು ಹಿಡಿದು ಕೂತಿದ್ದೆ. ಮೊದಲ ಹಂಪ್ ಬಂತು, ಹೋಯಿತು. ಅಮ್ಮ ಬಾಯಿ ತೆರೆದರು, ಹೇಳಲು ಏನೂ ಸಿಗದೆ ಮುಚ್ಚಿದರು. ಎರಡನೆಯದರ ಮೇಲೆ ಕಾರು ದೋಣಿಯಂತೆ ತೇಲಿತು. ಅಪ್ಪನ ಬೆನ್ನು ನೆಟ್ಟಗಾಯಿತು. ಅಮ್ಮ ಅಕ್ಕನ ಮನೆಯ ಹುಳಿಯ ಬಗ್ಗೆ ಮಾತು ಶುರುಮಾಡಿದರು; ಕಾರಿನಲ್ಲಿ ಅವರು ಒಂದು ವಾಕ್ಯವನ್ನು ಮುರಿಯದೆ ಮುಗಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಲಕ್ಷ್ಮೀಪುರಂ ಬಂದಾಗಲೂ ಪುಸ್ತಕದಲ್ಲಿ ಸೊನ್ನೆ. ದೊಡ್ಡಮ್ಮನ ಮನೆಯ ತಿರುವು ಬಂತು. ಅಪ್ಪ ನೇರ ಹೋದರು. ಇನ್ನೊಂದು ತಿರುವು ಬಂತು. ಆಗಲೂ ನೇರ ಹೋದರು.

‘ಅಯ್ಯೋ, ಎಲ್ಲಿಗ್ರೀ ಹೋಗ್ತಿದ್ದೀರಿ?’ ಎಂದರು ಅಮ್ಮ.

ಅಪ್ಪ ಕಾರು ನಿಲ್ಲಿಸಿದರು.

‘ಆರನೇ ಕುಲುಕಾದ್ಮೇಲೆ ಎಡಕ್ಕೆ,’ ಎಂದರು ಅಪ್ಪ, ಸ್ಟೀರಿಂಗಿಗೆ ಹೇಳಿದ ಹಾಗೆ. ‘ಯಾವಾಗ್ಲೂ ಹಂಗೇ ತಿರುಗಿಸೋದು ನಾನು. ಇವತ್ತು ಆರಾಗ್ಲೇ ಇಲ್ಲ.’

‘ಮೂವತ್ತು ವರ್ಷದಿಂದ ನಮ್ಮಕ್ಕನ ಮನೇನ ಗುಂಡಿ ಎಣಿಸ್ಕೊಂಡು ಹುಡುಕ್ತಿದ್ರಾ?’

‘ಇನ್ನೇನು, ಬೋರ್ಡ್ ಓದ್ಕೊಂಡು ಹೋಗೋಕೆ ನಾನೇನು ಹೊರಗಿನವನೇನೆ?’

ಆಮೇಲೆ ಇಬ್ಬರೂ ಹಿಂದಕ್ಕೆ ತಿರುಗಿ ನನ್ನ ಪೆನ್ನನ್ನೇ ನೋಡಿದರು. ಅಪ್ಪ, ‘ಅದು ಸೊಂಟದ ಅಯ್ಯೋ ಅಲ್ಲ ಕಣಮ್ಮ’ ಎಂದರು. ಅಷ್ಟು ಸಣ್ಣ ದನಿಯಲ್ಲಿ ಅಪ್ಪ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಪುಸ್ತಕದಲ್ಲಿ ಅಯ್ಯೋಗಳಿಗೆ ಒಂದೇ ಕಾಲಮ್ ಇತ್ತು. ಒಂದು ಗೆರೆ ಎಳೆದರೆ ಸೇವಂತಿಗೆ. ಪೆನ್ನಿನ ಮುಚ್ಚಳ ಹಾಕಿ ಮತ್ತೆ ತೆಗೆದೆ.

‘ಬರೀಬೇಡ,’ ಎಂದರು ಅಮ್ಮ. ‘ಸೊಂಟ ಏನೂ ಅನ್ನಲಿಲ್ಲ, ಅಂದಿದ್ದು ನಾನು. ಹೋಟ್ಲಿನವರಿಗೆ ಸೇವಂತಿಗೆಗೆ ಬೇರೆ ಕುಂಡ ತಗೊಳ್ಳೋಕೆ ಹೇಳಿ. ಕಾರೇನೋ ರಿಪೇರಿಯಾಯ್ತು. ಇವರಿಗೆ ದಾರಿ ಹೇಳೋರು ಯಾರು?’

ಹಾಗಾಗಿ ಈಗ ಭಾನುವಾರಗಳಲ್ಲಿ ನನ್ನ ಜಾಗ ಮುಂದಿನ ಸೀಟು. ರಸ್ತೆಯ ಮೇಲೆ ಕಣ್ಣಿಟ್ಟು, ಪ್ರತಿ ಹಂಪಿಗೂ ಗುಂಡಿಗೂ ‘ಒಂದು’, ‘ಎರಡು’ ಎಂದು ಕೂಗುತ್ತೇನೆ. ‘ಆರು’ ಎಂದ ಕೂಡಲೇ ಅಪ್ಪ ಕಣ್ಣು ಮುಚ್ಚಿದವರಂತೆ ನೆಮ್ಮದಿಯಾಗಿ ಎಡಕ್ಕೆ ತಿರುಗಿಸುತ್ತಾರೆ. ಹಳೆಯ ಸ್ಪ್ರಿಂಗುಗಳ ಕೆಲಸವನ್ನು ನಾನು ತಕ್ಕಮಟ್ಟಿಗೆ ಮಾಡುತ್ತಿದ್ದೇನೆ ಎಂದುಕೊಂಡಿದ್ದೇನೆ. ಸದ್ದು ಮಾತ್ರ ಅವುಗಳಿಗಿಂತ ಜಾಸ್ತಿ ಎಂದು ಹಿಂದಿನ ಸೀಟಿನಿಂದ ಅಮ್ಮ ಹೇಳುತ್ತಾರೆ.