ನನ್ನ ಡಿಸ್ಕಿನ ಬೀಗ

ಗುಟ್ಟು ಕಾಪಾಡುವುದರಲ್ಲಿ ನನ್ನನ್ನು ಮೀರಿಸುವವರು ಹಾನಗಲ್ ತಾಲೂಕಿನಲ್ಲೇ ಇಲ್ಲವೆಂದು ಬಹಳ ದಿನ ನಂಬಿದ್ದೆ. ಪ್ರಾಥಮಿಕ ಶಾಲೆಯ ಮಾಸ್ತರನ ಲ್ಯಾಪ್‌ಟಾಪಿನಲ್ಲಿ ಕದಿಯುವಂಥದ್ದು ಏನಿರುತ್ತದೆ ಎಂದು ನೀವು ಕೇಳಬಹುದು. ಏನೂ ಇರುವುದಿಲ್ಲ. ಆದರೂ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ ದಿನವೇ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ, ಪಾಸ್‌ವರ್ಡ್ ಇಲ್ಲದೆ ಬ್ರಹ್ಮನಿಗೂ ಓದಲು ಬಾರದಂತೆ ಬೀಗ ಜಡಿದಿದ್ದೆ. ಒಳಗೆ ಬೆಲೆಯುಳ್ಳದ್ದು ಒಂದೇ: ಹೆಂಡತಿ ಶಾಂತಾಳ ತಾಯಿ, ತೀರಿಹೋದ ನಮ್ಮ ಅತ್ತೆ, ಖಾರಕ್ಕೆ ಹೆಸರಾದ ಸವಣೂರಿನ ಮನೆಯಲ್ಲಿ ಹಾಡಿದ ಬೀಸುವ ಕಲ್ಲಿನ ಪದಗಳು. ಶಾಂತಾ ಅವನ್ನು ರೆಕಾರ್ಡ್ ಮಾಡಿಕೊಂಡಿದ್ದ ಫೋನು ಕೆಟ್ಟುಹೋಗಿ, ಈಗ ಅವು ಉಳಿದಿರುವುದು ಈ ಡಿಸ್ಕಿನಲ್ಲಿ ಮಾತ್ರ.

ಮೊನ್ನೆ ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಬ್ಯಾಟರಿ ಅದೇ ವಾರ ಕೈಕೊಟ್ಟಿತ್ತು. ಲ್ಯಾಪ್‌ಟಾಪು ಏಳಲೊಲ್ಲದು. ಶಿಗ್ಗಾಂವಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಗೆಳೆಯನಿಗೆ ಫೋನು ಮಾಡಿದೆ.

"ಪೆನ್‌ಡ್ರೈವ್‌ಲೆ ಹೊಸದಾಗಿ ಲಿನಕ್ಸ್ ಹಾಕ್ರಿ ಮಾಸ್ತರ. ಆದ್ರ ಮೊದಲು ನಿಮ್ಮ ಫೈಲ್ ಇರೋ ಹೋಮ್ ಅನ್ನೋ ಭಾಗದ ಬೀಗ ತಗೀರಿ. ಅದಕ್ಕ ಫಾರ್ಮ್ಯಾಟ್ ಅಂತ ಟಿಕ್ ಹಾಕಬ್ಯಾಡ್ರಿ ಮತ್ತ. ಹಾಕಿದ್ರ ಎಲ್ಲಾ ಹೋಗತೈತಿ," ಎಂದ.

ಬೀಗ ತೆಗೆಯಲು ಕುಳಿತರೆ ಪಾಸ್‌ವರ್ಡೇ ನೆನಪಿಲ್ಲ. ದೀಪಾವಳಿ ಹೊತ್ತಿಗೆ ಶಾಂತಾಳೊಡನೆ ಜಗಳವಾಡಿದ ಸಿಟ್ಟಿನಲ್ಲಿ ಹೊಸದನ್ನು ಇಟ್ಟಿದ್ದೆ. ಆಮೇಲೆ ಆಫ್ ಮಾಡದೆ ಬರೀ ಮುಚ್ಚಿಡುತ್ತಿದ್ದುದರಿಂದ ಅದನ್ನು ಮತ್ತೆ ಒತ್ತುವ ಪ್ರಸಂಗವೇ ಬಂದಿರಲಿಲ್ಲ. ಜಗಳ ಮರೆತೆ, ಅದರ ಜೊತೆ ಪಾಸ್‌ವರ್ಡನ್ನೂ ಮರೆತೆ. ತಿಳಿದದ್ದನ್ನೆಲ್ಲ ಒತ್ತಿ ನೋಡಿದೆ. ಅತ್ತೆಯ ದನಿಯನ್ನು ಕೈಯಾರೆ ಕಳೆದೆನಲ್ಲ! ಕೊನೆಗೆ ಶಾಂತಾಳಿಗೆ ಹೇಳಿದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "'ಸವಣೂರ ಖಾರ, ಹೆಂಡತಿ ಬಾಯಿ ಇನ್ನೂ ಖಾರ.' ಇಂಗ್ಲಿಷ್ ಅಕ್ಷರದಾಗ, ನಡುವ ಜಾಗ ಬಿಡಬ್ಯಾಡ್ರಿ."

ಒತ್ತಿದೆ. ಬೀಗ ತೆರೆಯಿತು.

"ನಿನಗ ಹೆಂಗ ಗೊತ್ತು?"

"ಸಾಲ್ಯಾಗ ಉಕ್ತಲೇಖನ ಹೇಳಿದಂಗ ಒಂದೊಂದ ಅಕ್ಷರ ಬಾಯಿಲೆ ಅನಕೋತ ಒತ್ತತೀರಿ. ಅವತ್ತ ಓಣಿ ಮಂದಿ ಎಲ್ಲಾ ಕೇಳ್ಯಾರ. ನಾ ಮರಿಯೂದು ಹೆಂಗ?"

ಟಿಕ್ ಹಾಕದೆ, ಉಸಿರು ಬಿಗಿಹಿಡಿದು ಲಿನಕ್ಸ್ ಹಾಕಿದೆ. ಸಂಜೆ ಅತ್ತೆಯ ಪದ ಕೇಳಿ ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಕಣ್ಣೂ ತುಂಬಿತು. ಬೇರೊಂದು ಪೆನ್‌ಡ್ರೈವಿಗೂ ಒಂದು ಕಾಪಿ ಮಾಡಿದೆ.

ಮರುದಿನ, ಅವಳನ್ನು ಹೊಗಳುವಂಥ ಹೊಸ ಪಾಸ್‌ವರ್ಡ್ ಇಡಲು ಬಾಗಿಲು ಹಾಕಿಕೊಂಡು, ತುಟಿ ಬಿಗಿದು ಕುಳಿತೆ. ಆದರೆ ನನ್ನ ತಲೆಯನ್ನು ನಂಬುವ ಧೈರ್ಯ ಬರಲಿಲ್ಲ. ಎದ್ದು ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು, ಒಳಗೆ ಕೇಳುವಂತೆ ಒಂದೊಂದೇ ಅಕ್ಷರ ಹೇಳುತ್ತ ಒತ್ತತೊಡಗಿದೆ.

"ಸಾವಕಾಶ ಹೇಳ್ರಿ," ಎಂದಳು ಒಳಗಿನಿಂದ. "ನಿಮ್ಮ ಬಾಯಾಗ ಇಂಥಾ ಮಾತು ಕೇಳಿ ರೂಢಿ ಇಲ್ಲ, ನೆನಪ ಉಳಿಯೂದು ತ್ರಾಸ ಐತಿ."